ಬ್ರಿಟನ್ನಿನ ಟಿವಿ ನಿರೂಪಕ, ಕಾದಂಬರಿಕಾರ ರಿಚರ್ಡ್ ಓಸ್ಮನ್ ಟಿವಿ ಬಿಟ್ಟ ಮೇಲೆ ಕಾದಂಬರಿ ಬರೆಯಲು ಶುರು ಮಾಡಿದರೇ?

ಇಲ್ಲ, ಇಲ್ಲಿ ಕ್ರಮ ತಿರುಗುಮುರುಗಾಗಿದೆ. ಅವರ ಮೊದಲ ಕಾದಂಬರಿ 'ದಿ ಥರ್ಸ್‌ಡೇ ಮರ್ಡರ್ ಕ್ಲಬ್' ಬಂದದ್ದು 2020ರ ಸೆಪ್ಟೆಂಬರ್‌ನಲ್ಲಿ. ಬಿಬಿಸಿಯ 'ಪಾಯಿಂಟ್‌ಲೆಸ್' ಕ್ವಿಜ್‌ನ ನಿತ್ಯದ ಕಂತುಗಳಿಂದ ಹೊರಬಂದದ್ದು 2022ರಲ್ಲಿ, ಬರವಣಿಗೆಗೆ ಸಮಯ ಬೇಕೆಂದು. ಅವರು ಮೂಲತಃ ನಿರೂಪಕರೂ ಅಲ್ಲ. ಎಂಡೆಮಾಲ್ ಕಂಪನಿಯಲ್ಲಿ ಕಾರ್ಯಕ್ರಮ ರೂಪಿಸುತ್ತಿದ್ದವರು. ಬಿಬಿಸಿಗೆ ಆ ಕ್ವಿಜ್ ಮಾದರಿ ತೋರಿಸುವಾಗ ಸಹನಿರೂಪಕನ ಜಾಗದಲ್ಲಿ ಕೂತರು, ಅಲ್ಲೇ ಉಳಿದರು!

ಹುಟ್ಟಿದ್ದು 1970ರ ನವೆಂಬರ್ 28, ಎಸೆಕ್ಸ್‌ನ ಬಿಲ್ಲರಿಕೆಯಲ್ಲಿ, ಬೆಳೆದದ್ದು ಸಸೆಕ್ಸ್‌ನಲ್ಲಿ. ಈ ಎರಡು ಜಾಗಗಳನ್ನು ಕಲಸಿಬಿಡುವುದು ಸುಲಭ.

ಇನ್ನೊಂದು ಗೊಂದಲ: 'ಸ್ವೇಡ್' ಬ್ಯಾಂಡಿನ ಬಾಸ್ ವಾದಕ ಮ್ಯಾಟ್ ಓಸ್ಮನ್ ಇವರ ಅಣ್ಣ. ಆ ಅಣ್ಣನ ಮೊದಲ ಕಾದಂಬರಿಯೂ 2020ರಲ್ಲೇ ಬಂತು. ಬರೀ ಮನೆತನದ ಹೆಸರು ನೋಡಿ ನಂಬಬೇಡಿ.