ಪರಿವರ್ತನೆ ಬೇರೆ, ಬಡಾವಣೆಯ ಅನುಮೋದನೆ ಬೇರೆ

ಭೂಪರಿವರ್ತನೆಯ ಆದೇಶವಿರುವುದರಿಂದ ಪಂಚಾಯತಿ ವ್ಯಾಪ್ತಿಯ 30×40 ನಿವೇಶನವನ್ನು ಕೊಳ್ಳಬಹುದೇ ಎಂದು ಕೇಳಿದ್ದೀರಿ. ಆ ಒಂದೇ ಕಾಗದವನ್ನು ನಂಬಿ ಮುಂಗಡ ಕೊಡಬೇಡಿ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 95ನೇ ಪ್ರಕರಣದಡಿ ದೊರೆಯುವ ಪರಿವರ್ತನೆಯು ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು ಅನುಮತಿಸುತ್ತದೆಯೇ ಹೊರತು, ಅದನ್ನು ನಿವೇಶನಗಳಾಗಿ ವಿಂಗಡಿಸಿ ಮಾರಲು ಅಲ್ಲ. ಸ್ಥಳೀಯ ಯೋಜನಾ ಪ್ರದೇಶದೊಳಗೆ ಅದಕ್ಕೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದ 17ನೇ ಪ್ರಕರಣದಂತೆ ಯೋಜನಾ ಪ್ರಾಧಿಕಾರದ ಮಂಜೂರಾತಿ ಬೇಕು. ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ಜಾಗವು ವಸತಿ ವಲಯದಲ್ಲಿದೆಯೇ, ರಸ್ತೆಗೆ ಸಾಕಷ್ಟು ಅಗಲವಿದೆಯೇ, ಉದ್ಯಾನಕ್ಕೂ ನಾಗರಿಕ ಸೌಲಭ್ಯಕ್ಕೂ ನಿಯಮದಷ್ಟು ಜಾಗ ಬಿಟ್ಟಿದ್ದಾರೆಯೇ ಎಂಬುದನ್ನೆಲ್ಲ ಪ್ರಾಧಿಕಾರ ಆಗ ಪರಿಶೀಲಿಸುತ್ತದೆ.

ಆದ್ದರಿಂದ ಮಾರಾಟಗಾರರಿಂದ ಬಣ್ಣಬಣ್ಣದ ಕರಪತ್ರವನ್ನಲ್ಲ, ಪ್ರಾಧಿಕಾರದ ಮೊಹರು, ಸಂಖ್ಯೆ ಮತ್ತು ದಿನಾಂಕವಿರುವ ಅನುಮೋದಿತ ವಿನ್ಯಾಸ ನಕ್ಷೆಯನ್ನೂ ನಿವೇಶನಗಳನ್ನು ಮಾರಲು ಪ್ರಾಧಿಕಾರ ಒಪ್ಪಿ ಕೊಡುವ ಬಿಡುಗಡೆಯ ಪತ್ರವನ್ನೂ ಕೇಳಿ. ಅದೇ ನಕ್ಷೆಯನ್ನು ಪ್ರಾಧಿಕಾರದ ಕಚೇರಿಯ ಪ್ರತಿಯೊಂದಿಗೆ ಹೋಲಿಸಿ, ನಿಮ್ಮ ನಿವೇಶನದ ಸಂಖ್ಯೆ ಉದ್ಯಾನವೆಂದು ಗುರುತಿಸಿದ ಜಾಗದಲ್ಲಿ ಬಿದ್ದಿಲ್ಲವೆಂದು ಖಚಿತಪಡಿಸಿಕೊಳ್ಳಿ (ಇದು ಅತಿಯಾದ ಅನುಮಾನವಲ್ಲ). ಪಂಚಾಯತಿ ಕೊಡುವ ಆಸ್ತಿ ದಾಖಲೆಯಾದ ನಮೂನೆ 11ಬಿ ಇದೆ ಎಂಬ ಮಾತ್ರಕ್ಕೆ ಬಡಾವಣೆಗೆ ಅನುಮೋದನೆ ಸಿಕ್ಕಿದೆ ಎಂದಾಗದು. ಇಡೀ ಬಡಾವಣೆಯ ಜಮೀನು 500 ಚದರ ಮೀಟರಿಗಿಂತ ಹೆಚ್ಚಿದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯನ್ನೂ ನೋಡಿ.