ಪಾಪವಿಲ್ಲದ ಗ್ರಹದಲ್ಲೂ ಸಾವೇಕೆ?

ಪ್ರಶ್ನೆ: ನಮ್ಮ ಓದುಗರ ಬಳಗ ಈ ಮಳೆಗಾಲಕ್ಕೆ ಕ್ರೈಸ್ತ ಚಿಂತನೆಯಿರುವ ವೈಜ್ಞಾನಿಕ ಕಥೆ, ಕಾದಂಬರಿಗಳನ್ನು ಆರಿಸಿಕೊಂಡಿದೆ. ಆದಾಮನ ಪಾಪದಿಂದ ಸಾವು ಬಂತೆನ್ನುವುದೂ ನಮ್ಮ ಕರ್ಮದ ಲೆಕ್ಕವೂ ಒಂದೇ ಅಲ್ಲವೇ? ಎಲ್ಲಿಂದ ಶುರು ಮಾಡಬೇಕು?
– ಓದುಗರೊಬ್ಬರು, ಸಾಗರ

ಉತ್ತರ: ಒಂದೇ ಅಲ್ಲ. ಎರಡನ್ನೂ ಕಲಸಿಕೊಂಡರೆ ಈ ಕೃತಿಗಳ ತಿರುಳೇ ಕೈತಪ್ಪುತ್ತದೆ. ಕರ್ಮದಲ್ಲಿ ಮಾಡಿದವನೇ ಉಣ್ಣುತ್ತಾನೆ. ಆದಾಮನಿಂದ ಬಂದ ಜನ್ಮಪಾಪ ಇಡೀ ಮನುಷ್ಯಕುಲ ಹೊತ್ತ ಊನ. ಹುಟ್ಟುಕುರುಡನನ್ನು ಕಂಡು ಪಾಪ ಯಾರದೆಂದು ಶಿಷ್ಯರು ಕೇಳಿದಾಗ, ಇವನದೂ ಅಲ್ಲ, ತಂದೆತಾಯಿಯದೂ ಅಲ್ಲ ಅನ್ನುತ್ತಾನೆ ಯೇಸು. ಮೊದಲ ದಿನ ಬೈಬಲಿನ ಆ ಭಾಗವನ್ನು (ಯೋಹಾನ 9:1–3), ಆದಿಕಾಂಡ 3ನೇ ಅಧ್ಯಾಯದ 24 ವಚನಗಳನ್ನು, ಪಾಪದಿಂದ ಸಾವು ಬಂತೆಂದು ಅಪೊಸ್ತಲ ಪೌಲ ಹೇಳುವ, ರೋಮಾಪುರದವರಿಗೆ ಬರೆದ ಪತ್ರಿಕೆಯ 5:12ನ್ನು ಗಟ್ಟಿಯಾಗಿ ಓದಿ.

ಆಮೇಲೆ ಆರ್ಥರ್ ಸಿ. ಕ್ಲಾರ್ಕ್ ಅವರ ಸಣ್ಣಕಥೆ 'ದಿ ಸ್ಟಾರ್' (1955). ನಕ್ಷತ್ರ ಸಿಡಿದು ಸುಸಂಸ್ಕೃತ ಜನಾಂಗವೊಂದು ಸುಟ್ಟುಹೋಗಿದೆ; ಅವರು ಬಿಟ್ಟುಹೋದದ್ದನ್ನು ಕಂಡ ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿಯ ನಂಬಿಕೆ ಅಲುಗುತ್ತದೆ. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯಿಂದ ಎಷ್ಟೋ ಜನರನ್ನು ಕಳೆದುಕೊಂಡ ನಿಮ್ಮ ಸೀಮೆಗೆ, ಯಾರ ತಪ್ಪೂ ಇಲ್ಲದೆ ಬರುವ ಸಾವಿನ ಪ್ರಶ್ನೆ ಹೊಸದಲ್ಲ. ಕಥೆಯ ಕೊನೆಯ ವಾಕ್ಯವನ್ನು ಮಾತ್ರ ಯಾರೂ ಮೊದಲೇ ಬಾಯಿಬಿಡಬಾರದು.

ಮುಖ್ಯ ಓದು ಸಿ.ಎಸ್. ಲೂಯಿಸ್ ಅವರದು. 'ಔಟ್ ಆಫ್ ದಿ ಸೈಲೆಂಟ್ ಪ್ಲಾನೆಟ್'ನ (1938) ಮಂಗಳದಲ್ಲಿ ಪತನ, ಅಂದರೆ ಆದಾಮನಂತೆ ದೇವರ ಆಜ್ಞೆ ಮೀರಿ ಪಾಪಕ್ಕೆ ಬೀಳುವುದು, ಆಗಿಲ್ಲ, ಆದರೂ ಅಲ್ಲಿನವರು ಸಾಯುತ್ತಾರೆ, ಅಂಜದೆ ಸಾಯುತ್ತಾರೆ. ಪೌಲನ ಮಾತಿಗೆ ಇದು ವಿರುದ್ಧವಲ್ಲವೇ ಎಂದು ಬಳಗದಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಪೌಲ ಹೇಳಿದ್ದು ಮನುಷ್ಯರ ಸಾವಿನ ಬಗ್ಗೆ. ಹಾಗೆ ಓದಿದರೆ ಗಂಟು ಸಡಿಲಾಗುತ್ತದೆ. 'ಪೆರೆಲಾಂಡ್ರ'ದ (1943) ಶುಕ್ರದಲ್ಲಿ ಪತನ ಇನ್ನೂ ಆಗಬಹುದಾದದ್ದು: ತೇಲುವ ದ್ವೀಪಗಳ ರಾಣಿ ಗಟ್ಟಿನೆಲದಲ್ಲಿ ರಾತ್ರಿ ತಂಗುವಂತಿಲ್ಲ, ಅದು ದೇವರ ಆಜ್ಞೆ. ಅವಳಿಗೆ ಆಮಿಷ ಒಡ್ಡುವ ಮಾತು ಪುಟಗಟ್ಟಲೆ ಸಾಗುತ್ತದೆ. ಉದ್ದವಾಯಿತೆಂದು ಹಲವರು ಹಾರಿಸಿಬಿಡುತ್ತಾರೆ, ಹಾರಿಸಬೇಡಿ. ಆಜ್ಞೆ ಮೀರುವುದನ್ನೇ ತ್ಯಾಗವೆಂದು, ಧೈರ್ಯವೆಂದು ನಂಬಿಸುವ ಬಗೆ ಅಲ್ಲೇ ಇರುವುದು. ಪಾತ್ರಗಳನ್ನು ಹಂಚಿಕೊಂಡು ಓದಿದರೆ ಚೆನ್ನಾಗಿ ತಿಳಿಯುತ್ತದೆ.

ನೋವಿನ ವಿಷಯಕ್ಕೆ ವಾಲ್ಟರ್ ಮಿಲ್ಲರ್ ಅವರ 'ಎ ಕ್ಯಾಂಟಿಕಲ್ ಫಾರ್ ಲೀಬೊವಿಟ್ಸ್' ಓದಿ. ವೈಜ್ಞಾನಿಕ ಕಥೆಗಳಿಗೆ ಕೊಡುವ ಹ್ಯೂಗೊ ಪ್ರಶಸ್ತಿಯನ್ನು 1961ರಲ್ಲಿ ಪಡೆದ ಕೃತಿ. 1944ರಲ್ಲಿ ಇಟಲಿಯ ಮಾಂಟೆ ಕಸಿನೊ ಕ್ರೈಸ್ತ ಮಠದ ಮೇಲೆ ಬಾಂಬು ಹಾಕಿದ ವಿಮಾನಗಳಲ್ಲಿ ಮಿಲ್ಲರ್ ಇದ್ದರು. ಸಮಯ ಸಾಲದಿದ್ದರೆ ಮೂರನೇ ಭಾಗ ಸಾಕು: ಅಣುವಿಕಿರಣಕ್ಕೆ ಸಿಕ್ಕ ತಾಯಿ-ಮಗುವಿಗೆ ದಯಾಮರಣ ಬೇಡವೆಂದು ಮಠಾಧಿಪತಿ, ನೋವೊಂದೇ ಕೆಡುಕೆಂದು ವೈದ್ಯ. ಪುಸ್ತಕದ ಒಲವು ಮಠಾಧಿಪತಿಯ ಕಡೆಗಿರುವುದರಿಂದ ವೈದ್ಯನ ವಾದ ಚರ್ಚೆಯಲ್ಲಿ ಸೊರಗುತ್ತದೆ. ನಿಮ್ಮಲ್ಲಿ ಚರ್ಚಿಗೆ ಹೋಗುವವರಿದ್ದರೆ ಆ ವಾದವನ್ನು ಅವರೇ ಮಂಡಿಸಲಿ.