ಸಿಂಗಪುರದಲ್ಲಿ ಭಾಷೆ-ಧರ್ಮದ ಜಗಳವಿಲ್ಲ, ಬೆಂಗಳೂರು ಅದನ್ನು ನೋಡಿ ಕಲಿಯಬಾರದೇ?

ರಜೆಗೆ ಬಂದಾಗ ಚೀನಿಯರು, ಮಲಯರು, ತಮಿಳರು ಒಂದೇ ಕಟ್ಟಡದಲ್ಲಿ ತಕರಾರಿಲ್ಲದೆ ಇರುವುದನ್ನು ಕಂಡು, ‘ಬೆಂಗಳೂರಿನಲ್ಲಿ ಇದು ಯಾಕೆ ಆಗುವುದಿಲ್ಲ’ ಅಂತ ಕೇಳಿದ್ದೀರಿ. ಇಬ್ಬರು ಮಕ್ಕಳ ಜೊತೆ ಇಲ್ಲಿಗೆ ಬರುವ ಯೋಚನೆ ಇದೆ ಅಂತಲೂ ಬರೆದಿದ್ದೀರಿ. ನಾನು ಇಲ್ಲಿ ಸಂಸಾರ ಹೂಡಿ ಬಹಳ ವರ್ಷವಾಯಿತು. ಎಚ್‌ಡಿಬಿ, ಅಂದರೆ ಇಲ್ಲಿನ ಸರ್ಕಾರಿ ವಸತಿ ಮಂಡಳಿ ಕಟ್ಟಿದ ಮನೆಯಲ್ಲೇ ಇದ್ದೇನೆ. ಮಗಳು ಸರ್ಕಾರಿ ಶಾಲೆಯಲ್ಲಿ ಓದಿದವಳು. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನೀವು ಕಂಡದ್ದು ನಿಜ. ಆದರೆ ಅಷ್ಟನ್ನೂ ಜನರ ಒಳ್ಳೆಯತನದ ಖಾತೆಗೆ ಬರೆದುಬಿಟ್ಟಿದ್ದೀರಿ, ಅಲ್ಲಿ ನನಗೆ ತಕರಾರು. 1964ರ ಜುಲೈ 21ರಂದು ಪ್ರವಾದಿಯವರ ಹುಟ್ಟುಹಬ್ಬದ ಮೆರವಣಿಗೆಯಲ್ಲಿ ಶುರುವಾದ ಮಲಯ-ಚೀನಿ ಗಲಭೆಯಲ್ಲಿ 23 ಜನ ಸತ್ತರು. ಸೆಪ್ಟೆಂಬರ್‌ನಲ್ಲಿ ಮತ್ತೆ ಹೊತ್ತಿಕೊಂಡು 13 ಜನ ಹೋದರು. ಆಗ ಸಿಂಗಪುರ ಮಲೇಷ್ಯಾದ ಒಂದು ರಾಜ್ಯ. ಮರುವರ್ಷ ಆಗಸ್ಟ್ 9ಕ್ಕೆ ಬೇರೆಯಾಯಿತು. ಇವತ್ತಿನ ವ್ಯವಸ್ಥೆಯೆಲ್ಲ ಆ ಹೆದರಿಕೆಯಲ್ಲಿ ಹುಟ್ಟಿದ್ದು. ಜುಲೈ 21ನ್ನೇ ಈಗ ಶಾಲೆಗಳಲ್ಲಿ ಜನಾಂಗ ಸಾಮರಸ್ಯ ದಿನವೆಂದು ಆಚರಿಸುತ್ತಾರೆ. ಮಕ್ಕಳು ಬೇರೆಯವರ ಉಡುಪು ತೊಟ್ಟು ಹೋಗುತ್ತಾರೆ, ಫೋಟೋ ಚೆನ್ನಾಗಿ ಬರುತ್ತದೆ. ನನಗೆ ಆ ಆಚರಣೆಗಿಂತ ಮನೆ ಮಾರುವ-ಕೊಳ್ಳುವ ನಿಯಮ ಮುಖ್ಯ ಅನ್ನಿಸುತ್ತದೆ.

ಆ ನಿಯಮ ಬಂದದ್ದು 1989ರಲ್ಲಿ. ಒಂದೇ ಜನಾಂಗದವರು ಒಂದೇ ಕಡೆ ಗುಂಪುಗೂಡದ ಹಾಗೆ ಎಚ್‌ಡಿಬಿ ಕಟ್ಟಡಗಳಿಗೆ ಮಿತಿ ಹಾಕಿದರು. ಈಗಿನ ಲೆಕ್ಕದಲ್ಲಿ ಒಂದು ಕಟ್ಟಡದಲ್ಲಿ ಚೀನಿಯರು ಶೇ 87, ಮಲಯರು ಶೇ 25, ಭಾರತೀಯರು ಮತ್ತು ಇತರರು ಸೇರಿ ಶೇ 15 ದಾಟುವಂತಿಲ್ಲ. ಇಡೀ ಬಡಾವಣೆಗೆ ಮಿತಿ ಇನ್ನೂ ಬಿಗಿ: 84, 22, 12. ನಾಗರಿಕರು ಮತ್ತು ಕಾಯಂ ನಿವಾಸಿಗಳಲ್ಲಿ ಚೀನಿಯರು ಸುಮಾರು ಶೇ 74, ಮಲಯರು ಹದಿಮೂರೂವರೆ, ಭಾರತೀಯರು ಒಂಬತ್ತು. ಯಾವುದೇ ಕಟ್ಟಡದ ಮೆಟ್ಟಿಲು ಹತ್ತಿದರೂ ಇಡೀ ದೇಶದ್ದೇ ಒಂದು ಸಣ್ಣ ಮಾದರಿ ಸಿಗಬೇಕು ಅನ್ನುವುದು ಲೆಕ್ಕಾಚಾರ. ಮನೆ ನೋಡುವಾಗಲೇ ನಿಮ್ಮ ಜನಾಂಗದವರಿಗೆ ಅಲ್ಲಿ ಕೊಳ್ಳಲು ಅವಕಾಶ ಉಳಿದಿದೆಯೇ ಅಂತ ಮಂಡಳಿಯ ಜಾಲತಾಣದಲ್ಲಿ ನೋಡಿಕೊಳ್ಳಬೇಕು. ಮಿತಿ ತುಂಬಿದ್ದರೆ ಆ ಜನಾಂಗದವರು ಅದೇ ಜನಾಂಗದವರ ಕೈಯಿಂದ ಮಾತ್ರ ಕೊಳ್ಳಬಹುದು.

ಇದರ ಪೆಟ್ಟು ಯಾರಿಗೆ ಬೀಳುತ್ತದೆ ನೋಡಿ. ಚೀನಿಯರ ಮಿತಿ ತುಂಬಿದ ಕಟ್ಟಡದಲ್ಲಿ ಒಬ್ಬ ತಮಿಳರ ಮನೆ ಇದೆ ಅಂದುಕೊಳ್ಳಿ. ಮಾರುಕಟ್ಟೆಯಲ್ಲಿ ಕೊಳ್ಳುವವರು ಹೆಚ್ಚಿನವರು ಚೀನಿಯರೇ, ಅವರಿಗೆ ಇವರು ಮಾರುವಂತಿಲ್ಲ. ಉಳಿದ ನಾಲ್ಕು ಜನ ಗಿರಾಕಿಗಳು ಹೇಳಿದ ಬೆಲೆಗೆ ಕೊಡಬೇಕು, ಇಲ್ಲವೇ ತಿಂಗಳುಗಟ್ಟಲೆ ಕಾಯಬೇಕು. ಅಲ್ಪಸಂಖ್ಯಾತರ ಒಳಿತಿಗೆ ಅಂತ ಮಾಡಿದ ನಿಯಮದ ನಷ್ಟವನ್ನು ಅವರೇ ಹೊರುತ್ತಾರೆ. ಸರ್ಕಾರಕ್ಕೂ ಇದು ಗೊತ್ತು. ತೀರಾ ಕಷ್ಟದಲ್ಲಿರುವವರ ಮನೆಯನ್ನು ಮಂಡಳಿಯೇ ಕೊಳ್ಳುವ ಏರ್ಪಾಡು ಈಚೆಗೆ ಬಂದಿದೆ. ಇಷ್ಟಾದರೂ ನಾನು ಈ ನಿಯಮದ ಪರ. ನನ್ನ ಮಗಳ ಆಟದ ಗುಂಪಿನಲ್ಲಿ ಎಲ್ಲ ಬಗೆಯ ಮಕ್ಕಳಿದ್ದರು, ನಾವು ಹುಡುಕಿ ಸೇರಿಸಿದ್ದಲ್ಲ, ಲಿಫ್ಟಿನಲ್ಲಿ ಸಿಕ್ಕವರು.

ಇದನ್ನು ಬೆಂಗಳೂರಿಗೆ ತರಬಹುದೇ? ಇಲ್ಲಿ ಐವರಲ್ಲಿ ಸುಮಾರು ನಾಲ್ವರು ಎಚ್‌ಡಿಬಿ ಮನೆಗಳಲ್ಲಿದ್ದಾರೆ, ಅದೂ 99 ವರ್ಷದ ಗುತ್ತಿಗೆಯ ಮೇಲೆ. 1966ರ ಭೂಸ್ವಾಧೀನ ಕಾನೂನಿನ ಬಲದಿಂದ ನೆಲದ ಬಹುಪಾಲು ಸರ್ಕಾರದ ಕೈಗೆ ಹೋಯಿತು. ನಮ್ಮಲ್ಲಿ ಬಿಡಿಎ ಸೈಟು ಹಂಚಿ ಕೈತೊಳೆದುಕೊಳ್ಳುತ್ತದೆ. ಮೇಲೆ ಯಾರು ಕಟ್ಟುತ್ತಾರೆ, ಯಾರಿಗೆ ಬಾಡಿಗೆಗೆ ಕೊಡುತ್ತಾರೆ ಅನ್ನುವುದು ಓನರ್ ಇಷ್ಟ. ‘ವೆಜ್ಜಾ, ನಾನ್‌ವೆಜ್ಜಾ, ಯಾವ ಕಡೆಯವರು’ ಅಂತ ಕೇಳುವ ಓನರ್‌ಗಳನ್ನು ನೀವೂ ಕಂಡಿರುತ್ತೀರಿ. ಅಂಥವರು ಸಿಂಗಪುರದಲ್ಲಿಲ್ಲ ಅಂದುಕೊಳ್ಳಬೇಡಿ. ಬಾಡಿಗೆ ಜಾಹೀರಾತುಗಳಲ್ಲಿ ‘ಭಾರತೀಯರು ಬೇಡ’, ‘ಚೀನಾ ದೇಶದವರು ಬೇಡ’ ಅನ್ನುವ ಸಾಲು ಬಹಳ ಕಾಲ ರಾಜಾರೋಷವಾಗಿ ಬರುತ್ತಿತ್ತು. ನಾವು ಬಾಡಿಗೆಗೆ ಹುಡುಕುತ್ತಿದ್ದಾಗ ಏಜೆಂಟನೊಬ್ಬ ‘ಮನೆಯಲ್ಲಿ ದಿನಾ ಅಡುಗೆ ಮಾಡುತ್ತೀರಾ’ ಅಂತ ಮೊದಲು ಕೇಳಿದ್ದ, ನಮ್ಮ ಒಗ್ಗರಣೆಯ ವಾಸನೆಗೆ ಹೆದರಿ. ಉದ್ಯೋಗದಲ್ಲಿ ಜನಾಂಗ, ಧರ್ಮ, ಭಾಷೆ ನೋಡಿ ಭೇದ ಮಾಡಬಾರದು ಅನ್ನುವ ಕಾನೂನು ಸಂಸತ್ತಿನಲ್ಲಿ ಪಾಸಾದದ್ದು 2025ರ ಜನವರಿಯಲ್ಲಿ. ಸ್ವತಂತ್ರವಾಗಿ ಅರವತ್ತು ವರ್ಷವಾಗುತ್ತ ಬಂದಮೇಲೂ ಅದು ಬೇಕಾಯಿತು ಅಂದರೆ ನೀವೇ ಲೆಕ್ಕ ಹಾಕಿ.

ಇನ್ನು ಭಾಷೆ. ಅಧಿಕೃತ ಭಾಷೆ ನಾಲ್ಕು: ಇಂಗ್ಲಿಷ್, ಮಲಯ, ಮ್ಯಾಂಡರಿನ್ (ಅಂದರೆ ಚೀನಾದ ಶಿಷ್ಟ ಭಾಷೆ), ತಮಿಳು. ಇಂಗ್ಲಿಷನ್ನು ಎಲ್ಲರಿಗೂ ಸಮಾನ ದೂರದ ಭಾಷೆಯೆಂದು ಮೊದಲ ಪ್ರಧಾನಿ ಲೀ ಕುವಾನ್ ಯೂ ಆರಿಸಿಕೊಂಡರು. 1987ರ ಹೊತ್ತಿಗೆ ಎಲ್ಲ ಶಾಲೆಗಳಲ್ಲೂ ಅದೇ ಮಾಧ್ಯಮವಾಯಿತು. ಜೊತೆಗೆ ಪ್ರತಿ ಮಗುವೂ ಒಂದು ‘ತಾಯ್ನುಡಿ’ ಕಲಿಯಬೇಕು. ಅದನ್ನು ಗೊತ್ತುಮಾಡುವುದು ಸಾಮಾನ್ಯವಾಗಿ ಗುರುತಿನ ದಾಖಲೆಯಲ್ಲಿರುವ ಜನಾಂಗ. ಮನೆಯಲ್ಲಿ ಅಮ್ಮ ಏನು ಮಾತಾಡುತ್ತಾಳೆ ಅನ್ನುವುದಕ್ಕೂ ಅದಕ್ಕೂ ಸಂಬಂಧವಿರಲೇಬೇಕೆಂದಿಲ್ಲ.

ಇದರಲ್ಲಿ ಹೆಚ್ಚು ಕಳೆದುಕೊಂಡವರು ಬಹುಸಂಖ್ಯಾತ ಚೀನಿಯರೇ ಅನ್ನುವುದು ಬಹಳ ಜನರ ಗಮನಕ್ಕೆ ಬರುವುದಿಲ್ಲ. ಅವರ ಅಜ್ಜ-ಅಜ್ಜಿಯರ ಮನೆಮಾತು ಹೊಕ್ಕಿಯೆನ್, ತಿಯೋಚ್ಯೂ, ಕ್ಯಾಂಟನೀಸ್, ಹಕ್ಕಾ, ಹೈನಾನೀಸ್. ಮ್ಯಾಂಡರಿನ್ ಯಾರ ಮನೆಯಲ್ಲೂ ಹೆಚ್ಚು ಇರಲಿಲ್ಲ. 1979ರಲ್ಲಿ ‘ಮ್ಯಾಂಡರಿನ್ ಮಾತಾಡಿ’ ಆಂದೋಲನ ಶುರುವಾಯಿತು, ರೇಡಿಯೊ-ಟಿವಿಯಿಂದ ಉಳಿದ ಮಾತುಗಳನ್ನು ತೆಗೆದರು, ಹಾಂಗ್‌ಕಾಂಗ್ ಧಾರಾವಾಹಿಗಳಿಗೂ ಮ್ಯಾಂಡರಿನ್ ಡಬ್ಬಿಂಗ್. ನಮ್ಮ ಮಹಡಿಯಲ್ಲೊಬ್ಬರು ತಿಯೋಚ್ಯೂ ಅಜ್ಜಿ ಇದ್ದರು. ಮೊಮ್ಮಗನಿಗೆ ಅವರು ಹೇಳಿದ್ದು ಅರ್ಧ ತಿಳಿಯುತ್ತಿತ್ತು, ಅವನು ಹೇಳಿದ್ದು ಅವರಿಗೆ ಕಾಲು ಭಾಗ. ಉಳಿದದ್ದನ್ನು ಬಟ್ಟಲಿಗೆ ಊಟ ಬಡಿಸಿ ಸರಿದೂಗಿಸುತ್ತಿದ್ದರು. ವಯಸ್ಸಾದವರಿಗೆ ಸರ್ಕಾರಿ ಯೋಜನೆಗಳು ತಲುಪುತ್ತಿಲ್ಲವೆಂದು 2016ರಲ್ಲಿ ಸರ್ಕಾರವೇ ಮುಂದೆ ನಿಂತು ಹೊಕ್ಕಿಯೆನ್‌ನಲ್ಲಿ ಒಂದು ಧಾರಾವಾಹಿ ಮಾಡಿಸಿತು. ಓಡಿಸಿದವರೇ ಕರೆದು ಕೂರಿಸಿದ ಹಾಗೆ. 2020ರ ಜನಗಣತಿಯಲ್ಲಿ ಮನೆಯಲ್ಲಿ ಹೆಚ್ಚಾಗಿ ಇಂಗ್ಲಿಷ್ ಆಡುವವರು ಶೇ 48.3, ಹತ್ತು ವರ್ಷದ ಹಿಂದೆ 32.3 ಇತ್ತು. ಹೊಕ್ಕಿಯೆನ್ ಮೊದಲಾದ ಚೀನಿ ಮಾತುಗಳೆಲ್ಲ ಸೇರಿ 8.7. ಅಧಿಕೃತ ಭಾಷೆಯಾದ ತಮಿಳಿಗೆ 2.5.

ಕನ್ನಡದ ಪಾಡು ಕೇಳಿ. ಭಾರತೀಯರ ಪಾಲಿಗೆ ಅಧಿಕೃತವಾಗಿ ಇರುವುದು ತಮಿಳು. ಅದು ಬೇಡವೆಂದರೆ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಐದರಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಕನ್ನಡ, ತೆಲುಗು, ಮಲಯಾಳಂ ಆ ಪಟ್ಟಿಯಲ್ಲಿಲ್ಲ. ಹಿಂದೆ ಬ್ರಿಟಿಷ್ ನೌಕಾನೆಲೆಯ ಕೆಲಸಕ್ಕೆ ಅಷ್ಟೊಂದು ಮಲಯಾಳಿಗಳು ಬಂದರೂ ಅವರ ಭಾಷೆಗೆ ಜಾಗ ಸಿಗಲಿಲ್ಲ, ಇನ್ನು ನಾವೆಷ್ಟು ಮಂದಿ. ನನಗೆ ಗೊತ್ತಿರುವ ಕನ್ನಡದ ಮನೆಗಳಲ್ಲಿ ಹೆಚ್ಚಿನವರು ಮಕ್ಕಳಿಗೆ ಹಿಂದಿ ಕೊಡಿಸಿದ್ದಾರೆ. ಊರಿಗೆ ಫೋನ್ ಮಾಡಿದಾಗ ಹಿಂದಿ ಹೇರಿಕೆಯ ವಿರುದ್ಧ ಗುಡುಗುವವರೂ ಅದರಲ್ಲಿದ್ದಾರೆ, ಹೆಸರು ಹೇಳುವುದಿಲ್ಲ! ನಾವು ತಮಿಳು ಕೊಡಿಸಿದೆವು. ವ್ಯಾಕರಣ, ಪದಗಳು ಹತ್ತಿರವಿದ್ದುದರಿಂದ ಮನೆಯಲ್ಲಿ ಹೇಳಿಕೊಡಲು ನನ್ನವಳಿಗೆ ಅಷ್ಟೇನೂ ಕಷ್ಟವಾಗಲಿಲ್ಲ. ಕನ್ನಡಕ್ಕೆ ಉಳಿದದ್ದು ವಾರಾಂತ್ಯದಲ್ಲಿ ಕನ್ನಡಿಗರೇ ಸೇರಿ ನಡೆಸುವ ತರಗತಿ. ಅದರ ಅಂಕ ಎಲ್ಲೂ ಲೆಕ್ಕಕ್ಕಿಲ್ಲ. ಪ್ರಾಥಮಿಕ ಶಾಲೆಯ ಕೊನೆಗೆ ಬರುವ ಪಿಎಸ್‌ಎಲ್‌ಇ ಪರೀಕ್ಷೆ ಹತ್ತಿರವಾದ ಹಾಗೆ ಮಕ್ಕಳು ಒಬ್ಬೊಬ್ಬರಾಗಿ ಕಳಚಿಕೊಳ್ಳುತ್ತಾರೆ.

ಚೀನಿ, ಮಲಯ, ಭಾರತೀಯ, ಇತರ ಅಂತ ನಾಲ್ಕು ಪೆಟ್ಟಿಗೆ ಮಾಡಿ ಎಲ್ಲರನ್ನೂ ಅದರೊಳಗೆ ಹಾಕಿದರೆ ಇನ್ನೂ ಕೆಲವು ತೊಡಕು ಬರುತ್ತದೆ. ಅಪ್ಪ ಭಾರತೀಯ, ಅಮ್ಮ ಚೀನಿ ಆದರೆ ಮಗು ಯಾರು? 2011ರಿಂದ ಎರಡನ್ನೂ ಜೋಡಿಸಿ ಬರೆಸಲು ಬಿಟ್ಟಿದ್ದಾರೆ, ಆದರೆ ಮನೆಯ ಮಿತಿಯ ಲೆಕ್ಕಕ್ಕೆ ಮೊದಲು ಬರೆಸಿದ್ದೇ. ರಾಷ್ಟ್ರಾಧ್ಯಕ್ಷರ 2017ರ ಚುನಾವಣೆಯನ್ನು ಮಲಯರಿಗೆ ಮೀಸಲಿಟ್ಟರು. ಅರ್ಹರಾಗಿ ಉಳಿದವರು ಒಬ್ಬರೇ, ಹಲೀಮಾ ಯಾಕೂಬ್, ಮತದಾನವೇ ನಡೆಯಲಿಲ್ಲ. ಆರು ವರ್ಷದ ಮೇಲೆ ಮುಕ್ತ ಚುನಾವಣೆಯಲ್ಲಿ ತಮಿಳು ಮೂಲದ ತರ್ಮನ್ ಷಣ್ಮುಗರತ್ನಂ ಶೇ 70.4 ಮತ ಪಡೆದು ಗೆದ್ದರು. ಹಾಗಾದರೆ ಮೀಸಲು ಬೇಕಿತ್ತೇ ಅನ್ನುವ ವಾದ ಕಾಫಿ ಅಂಗಡಿಗಳಲ್ಲಿ ಇನ್ನೂ ನಡೆಯುತ್ತಿದೆ. ಪೆಟ್ಟಿಗೆಯ ಹೊರಗಿನವರ ಮಾತು ಬೇರೆ: ಸುಮಾರು 60 ಲಕ್ಷ ಜನರಲ್ಲಿ 18 ಲಕ್ಷಕ್ಕೂ ಹೆಚ್ಚು ಮಂದಿ ಇಲ್ಲಿ ಕಾಯಂ ನಿವಾಸವಿಲ್ಲದವರು. ಅವರಲ್ಲಿ ಕಟ್ಟಡ ಕೆಲಸಕ್ಕೆ ಬಂದ ತಮಿಳರು, ತೆಲುಗರು, ಬಾಂಗ್ಲಾದವರು ಹೆಚ್ಚಾಗಿ ಊರಾಚೆಯ ಡಾರ್ಮಿಟರಿಗಳಲ್ಲಿದ್ದಾರೆ. ನೀವು ಕಂಡ ಸಾಮರಸ್ಯದ ಲೆಕ್ಕದಲ್ಲಿ ಅವರಿಲ್ಲ.

ಯಾವ ಇಲಾಖೆಯೂ ಹೇಳದೆ ಆದದ್ದೂ ಇದೆ ಅನ್ನಿ. ವಾಟರ್ಲೂ ಬೀದಿಯಲ್ಲಿ ಚೀನಿಯರ ಕ್ವಾನ್ ಇಮ್ ಗುಡಿಯ ಪಕ್ಕದಲ್ಲೇ ಕೃಷ್ಣನ ದೇವಸ್ಥಾನ. ಅಲ್ಲಿ ಕೈಮುಗಿದ ಚೀನಿಯರು ಇಲ್ಲಿಗೂ ಬಂದು ಊದುಬತ್ತಿ ಹಚ್ಚಿ ಹೋಗುತ್ತಾರೆ. ನೋಡಿರದಿದ್ದರೆ ಮುಂದಿನ ಸಲ ಹೋಗಿ.

ಈಗ ಬೆಂಗಳೂರಿನ ವಿಷಯ. ಸಿಂಗಪುರದ ರಾಷ್ಟ್ರಭಾಷೆ ಮಲಯ. ರಾಷ್ಟ್ರಗೀತೆ ಮಲಯದಲ್ಲಿ, ಸೈನ್ಯದ ಕವಾಯತಿನ ಆಜ್ಞೆಗಳು ಮಲಯದಲ್ಲಿ. ಎದ್ದು ನಿಂತು ಹಾಡುವ ಬಹಳಷ್ಟು ಮಂದಿಗೆ ಸಾಲಿನ ಅರ್ಥ ಕೇಳಿದರೆ ತಡವರಿಸುತ್ತಾರೆ. ಹೊಸದಾಗಿ ಬಂದವರು ಮಲಯ ಕಲಿಯಲಿ ಅಂತ ಯಾರೂ ಕೇಳುವುದೂ ಇಲ್ಲ, ಆಫೀಸಿನಿಂದ ಆಸ್ಪತ್ರೆಯವರೆಗೆ ಇಂಗ್ಲಿಷಿನಲ್ಲೇ ನಡೆದುಹೋಗುತ್ತದೆ. ಭಾಷೆಯ ಜಗಳ ಇಲ್ಲಿ ಅಡಗಿರುವುದಕ್ಕೆ ಇದೇ ದೊಡ್ಡ ಕಾರಣ. ಬೆಂಗಳೂರು ಸಿಂಗಪುರವನ್ನು ನಕಲು ಮಾಡಿದರೆ ಕನ್ನಡಕ್ಕೆ ಸಿಗುವುದು ಇದೇ ಮಲಯದ ಸ್ಥಾನ: ನಾಡಗೀತೆ, ನವೆಂಬರ್, ಬಾವುಟ. ಆ ಬೆಲೆಗೆ ಶಾಂತಿ ಕೊಳ್ಳುವುದಕ್ಕೆ ನಾನಂತೂ ಸಿದ್ಧನಿಲ್ಲ. ನಮ್ಮಲ್ಲಿ ಆಟೋದವರೂ ಅಂಗಡಿಯವರೂ ‘ಕನ್ನಡ ಮಾತಾಡಿ’ ಅಂತ ಕೇಳುತ್ತಾರಲ್ಲ, ಅದು ಒರಟಾಗಿದ್ದಾಗ ನನಗೂ ಇರುಸುಮುರುಸು. ಆದರೂ ಕನ್ನಡ ಇನ್ನೂ ದಿನದ ವ್ಯವಹಾರದಲ್ಲಿದೆ, ಅದಕ್ಕೇ ಆ ಜಗಳವೂ ಇದೆ. ಇಲ್ಲಿಂದ ಒಯ್ಯುವುದಾದರೆ ಬಾಡಿಗೆಗೆ, ಕೆಲಸಕ್ಕೆ ಜಾತಿ-ಧರ್ಮ ಕೇಳದಂತೆ ತಡೆಯುವ ಒಂದು ಬಿಗಿಯಾದ ಕಾನೂನನ್ನು ಒಯ್ಯಿರಿ. ಸಿಂಗಪುರದಲ್ಲೂ ಬಾಡಿಗೆಯ ಕಡೆ ಅದು ಇನ್ನೂ ಪೂರ್ತಿ ಆಗಿಲ್ಲ.

ನಿಮ್ಮ ಮಕ್ಕಳ ಬಗ್ಗೆ: ಸರ್ಕಾರಿ ಶಾಲೆಗೆ ಸೇರಿಸುವುದಾದರೆ ಯಾವ ‘ತಾಯ್ನುಡಿ’ ಅಂತ ಮೊದಲೇ ಗೊತ್ತುಮಾಡಿಕೊಳ್ಳಿ, ನಡುವೆ ಬದಲಾಯಿಸುವುದು ತಲೆನೋವು. ತಮಿಳಾದರೆ ಬಹಳ ಶಾಲೆಗಳಲ್ಲಿ ಒಳಗೇ ಇದೆ, ಇಲ್ಲದಿದ್ದರೆ ಹತ್ತಿರದ ಕೇಂದ್ರಕ್ಕೆ ಕಳಿಸುತ್ತಾರೆ. ಹಿಂದಿಯಾದರೆ ಕೆಲವು ಶಾಲೆಗಳಲ್ಲಿ ಆ ಪೀರಿಯಡ್‌ನಲ್ಲೇ ನಡೆಯುತ್ತದೆ, ಉಳಿದವರು ವಾರಾಂತ್ಯದ ಕೇಂದ್ರಗಳಿಗೆ ಹೋಗಬೇಕು. ದೊಡ್ಡ ಮಗು ಯಾವ ತರಗತಿಯಲ್ಲಿದೆ ಅಂತ ತಿಳಿಸಿದರೆ ಇನ್ನಷ್ಟು ಹೇಳಬಲ್ಲೆ.